ಸಹಾಯ ಬೇಕು: ಬಿಳಿ ಕೋಲು ಹಿಡಿದು ಓಡಾಡೋದು ಕಲಿಸುವವರು ದಾವಣಗೆರೆಯಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳಿಗೆ ಕಣ್ಣು ಕಾಣುವುದಿಲ್ಲ. ಈ ವರ್ಷ ಡಿಗ್ರಿಗೆ ಸೇರಿದ್ದಾಳೆ. ಬ್ರೈಲ್ ಬರುತ್ತೆ, ಪರದೆ ಮೇಲಿರೋದನ್ನು ಓದಿ ಹೇಳೋ ಟಾಕ್‌ಬ್ಯಾಕ್ ಹಾಕ್ಕೊಂಡು ಫೋನನ್ನು ನನಗಿಂತ ಚೆನ್ನಾಗಿ ಬಳಸುತ್ತಾಳೆ. ವಿದ್ಯಾನಗರದಿಂದ ಸಿಟಿ ಬಸ್ ಹತ್ತಿ, ಜಯದೇವ ಸರ್ಕಲ್ ಕಡೆ ಒಬ್ಬಳೇ ಓಡಾಡಬೇಕು ಅನ್ನೋದು ಅವಳ ಹಟ.

ಎದೆಮಟ್ಟದ ಕೋಲು ತಂದಿದ್ದೇವೆ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ ತಾಗಬೇಕು, ಮುಂದಿನ ಹೆಜ್ಜೆಯ ಜಾಗ ಮೊದಲೇ ಗೊತ್ತಾಗಲಿ ಅಂತ. ಅಷ್ಟನ್ನು ಮನೆ ಅಂಗಳದಲ್ಲಿ ಮಾಡುತ್ತಾಳೆ. ಆದರೆ ಗಾಡಿಗಳ ಸದ್ದು ಕೇಳಿ ರಸ್ತೆ ದಾಟೋದು, ಚರಂಡಿ ಅಂಚು ಗುರುತಿಸೋದು ಯೂಟ್ಯೂಬ್ ನೋಡಿ ಕಲಿಸುವಂಥದ್ದಲ್ಲ, ಅಲ್ವಾ?

ಮೊಬಿಲಿಟಿ ತರಬೇತಿ ಕೊಡುವವರು ಗೊತ್ತಿದ್ದರೆ ತಿಳಿಸಿ. ಚಿತ್ರದುರ್ಗದವರಾದರೂ ಸರಿ, ಫೀಸು, ಬಸ್ ಚಾರ್ಜು ಕೊಡುತ್ತೇವೆ. ಸುಮ್ನೆ "ಜೊತೆಗೆ ಯಾರನ್ನಾದರೂ ಕಳಿಸಿ" ಅಂತ ಮಾತ್ರ ಹೇಳಬೇಡಿ.