ಲೈಟ್‌ಮೋಟಿಫ್‌ಗೆ ಕನ್ನಡದಲ್ಲಿ ಏನನ್ನೋಣ? ‘ಮುಖ್ಯ ಆಶಯ’ ಹೊಂದುತ್ತಿಲ್ಲ

ಗೆಳೆಯರಿಗೆ ನಮಸ್ಕಾರ.

ಮೂರು ವಾರದಿಂದ ಒಂದು ಪದ ಕಾಡುತ್ತಿದೆ. ಸಿನಿಮಾ ಸಂಗೀತದ ಮೇಲೆ ಒಂದು ಲೇಖನ ಬರೆದುಕೊಟ್ಟಿದ್ದೆ. ಅದರಲ್ಲಿ ‘ಲೈಟ್‌ಮೋಟಿಫ್’ ಅಂತ ಏಳೆಂಟು ಕಡೆ ಬಂದಿತ್ತು. ಅಂದರೆ ಒಬ್ಬ ವ್ಯಕ್ತಿಗೋ ವಸ್ತುವಿಗೋ ಅಂಟಿಕೊಂಡು, ಕೃತಿಯಲ್ಲಿ ಮತ್ತೆ ಮತ್ತೆ ಬಂದು ಅದನ್ನು ನೆನಪಿಸುವ ಪುಟ್ಟ ಮಟ್ಟು, ಇಲ್ಲವೇ ಒಂದು ವಿವರ. ಅಚ್ಚಾದ ಮೇಲೆ ನೋಡಿದರೆ ಎಲ್ಲ ಕಡೆಯೂ ‘ಮುಖ್ಯ ಆಶಯ’ ಆಗಿದೆ. ತಿದ್ದಿದವರ ಮನಸ್ಸು ಒಳ್ಳೆಯದೇ, ಓದುಗರಿಗೆ ಕನ್ನಡದ ಪದ ಸಿಗಲಿ ಅಂತ. ಆದರೆ ‘ಕೊಲೆಗಾರನ ಶಿಳ್ಳೆಯೇ ಈ ಚಿತ್ರದ ಮುಖ್ಯ ಆಶಯ’ ಅಂತ ಓದಿದವರಿಗೆ ಏನು ತಿಳಿದೀತು ಹೇಳಿ?

‘ಆಶಯ’ ತಪ್ಪು ಪದವಲ್ಲ. ನಮ್ಮ ಜಾನಪದ ವಿದ್ವಾಂಸರು ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಅಂಶಕ್ಕೆ, ಅಂದರೆ ಮೋಟಿಫ್‌ಗೆ ಆಶಯ ಅಂತಲೇ ಬರೆಯುತ್ತಾ ಬಂದಿದ್ದಾರೆ, ಅವರ ಬರಹದಲ್ಲಿ ಅದು ನೆಲೆ ನಿಂತಿದೆ. ಆದರೆ ಹೊರಗಿನ ಓದುಗರಿಗೆ ಆಶಯ ಅಂದರೆ ಬಯಕೆ, ಇಲ್ಲವೇ ಬರೆದವರ ಒಳಗಿನ ಉದ್ದೇಶ. ಅದಕ್ಕೆ ‘ಮುಖ್ಯ’ ಬೇರೆ ಸೇರಿಸಿಬಿಟ್ಟರೆ ಕೃತಿಯ ಸಾರಾಂಶ ಅನ್ನುವ ಅರ್ಥ ಬರುತ್ತದೆ. ಲೈಟ್‌ಮೋಟಿಫ್ ಸಾರಾಂಶವೇ ಅಲ್ಲ.

ಮೊದಲು ಪದದ ಮೈ ನೋಡೋಣ. ಇದು ಜರ್ಮನ್ ಪದ. ಇಲ್ಲಿರುವ ‘ಲೈಟ್’ಗೂ ದೀಪದ ಲೈಟಿಗೂ ಸಂಬಂಧವಿಲ್ಲ. ‘ಲೈಟೆನ್’ ಅನ್ನುವ ಕ್ರಿಯಾಪದದಿಂದ ಬಂದದ್ದು, ಅಂದರೆ ನಡೆಸು, ಕರೆದುಕೊಂಡು ಹೋಗು. ಜರ್ಮನಿಯ ಸಂಗೀತ ಸಂಯೋಜಕ ವಾಗ್ನರ್ ಹೆಸರಿನ ಜೊತೆಗೇ ಈ ಪದ ಓಡಾಡುತ್ತದೆ. ಆದರೆ ಹುಟ್ಟಿಸಿದ್ದು ಅವರಲ್ಲ. 1876ರಲ್ಲಿ ಜರ್ಮನಿಯ ಬೈರೊಯ್ಟ್‌ನಲ್ಲಿ ಅವರ ನಾಲ್ಕು ಆಪೆರಾಗಳ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳ, ‘ಉಂಗುರ’ ಮಾಲೆ ಮೊದಲ ಸಲ ಪೂರ್ತಿಯಾಗಿ ರಂಗಕ್ಕೆ ಬಂತು. ಅದೇ ವರ್ಷ ಹಾನ್ಸ್ ಫಾನ್ ವೋಲ್ಟ್ಸೋಗನ್ ಅದಕ್ಕೊಂದು ಕೈಪಿಡಿ ಬರೆದರು. ಪದ ಊರೆಲ್ಲ ಹರಡಿದ್ದು ಆ ಕೈಪಿಡಿಯಿಂದ.

ಇದು ಕೆಲಸ ಮಾಡುವ ಬಗೆ ಗೊತ್ತಾಗಬೇಕಾದರೆ ಒಂದು ಜಾಗ ಸಾಕು. ‘ಉಂಗುರ’ದ ಎರಡನೇ ಆಪೆರಾದ ಮೊದಲ ಅಂಕ. ದಿಕ್ಕು ತಪ್ಪಿದ ಜೀಗ್ಮುಂಡ್ ಒಬ್ಬ ಅಪರಿಚಿತನ ಮನೆಯಲ್ಲಿ ಕೂತು ತನ್ನ ಕಥೆ ಹೇಳಿಕೊಳ್ಳುತ್ತಾನೆ. ಕಾದಾಟದಲ್ಲಿ ಅಪ್ಪ ಕೈತಪ್ಪಿಹೋದ. ಹುಡುಕಿದಾಗ ಕಾಡಿನಲ್ಲಿ ಸಿಕ್ಕಿದ್ದು ಬರೀ ಒಂದು ತೋಳದ ಚರ್ಮ. ಅಪ್ಪ ಸಿಗಲಿಲ್ಲ. ಅಷ್ಟು ಹಾಡಿ ಅವನು ನಿಲ್ಲಿಸುತ್ತಾನೆ. ಆಗ ವಾದ್ಯದವರು ಮೆಲ್ಲಗೆ ಒಂದು ಮಟ್ಟು ನುಡಿಸುತ್ತಾರೆ. ಅದು ನಾವು ಮೊದಲ ಆಪೆರಾದಲ್ಲಿ ಕೇಳಿದ ಮಟ್ಟು. ದೇವತೆಗಳ ಒಡೆಯ ವೋಟಾನ್ ತನ್ನ ಹೊಸ ಅರಮನೆ ವಾಲ್ಹಾಲಾವನ್ನು ನೋಡಿ ಹಿಗ್ಗುವಾಗ ಬಂದದ್ದು. ಅಂದರೆ ಈ ಹುಡುಗನ ಅಪ್ಪ ವೋಟಾನ್! ಹುಡುಗನಿಗೆ ಗೊತ್ತಿಲ್ಲ, ಆ ಮನೆಯವರಿಗೂ ಗೊತ್ತಿಲ್ಲ. ಕೇಳುವ ನಮಗೆ ಮಾತ್ರ ಗೊತ್ತು. ಒಂದು ಮಾತೂ ಇಲ್ಲದೆ ಹೇಳಿಯಾಯಿತು.

ಇಲ್ಲಿ ಎರಡು ಸಂಗತಿ ಇದೆ. ಒಂದು, ನೆನಪು. ಮೊದಲು ಕೇಳಿದ್ದು ಮನಸ್ಸಿನಲ್ಲಿ ಇರದಿದ್ದರೆ ಆ ಮಟ್ಟಿಗೆ ಅರ್ಥವೇ ಇಲ್ಲ. ಇನ್ನೊಂದು, ಬದಲಾವಣೆ. ಮೊದಲ ಆಪೆರಾದಲ್ಲಿ ಒಂದನೇ ದೃಶ್ಯದಿಂದ ಎರಡನೆಯದಕ್ಕೆ ಹೋಗುವಾಗ ಉಂಗುರದ ಮಟ್ಟು ಹಾರ್ನ್‌ಗಳಲ್ಲಿ ನಿಧಾನವಾಗಿ ಮೃದುವಾಗುತ್ತಾ, ಅಂಚು ಕಳೆದುಕೊಳ್ಳುತ್ತಾ, ವಾಲ್ಹಾಲಾದ ಮಟ್ಟಾಗಿಬಿಡುತ್ತದೆ. ಕದ್ದ ಚಿನ್ನದಲ್ಲಿ ಮಾಡಿದ ಉಂಗುರಕ್ಕೂ ದೇವರ ಅರಮನೆಗೂ ಒಂದೇ ರಕ್ತ ಅಂತ ಕಿವಿಗೆ ತಿಳಿಯುತ್ತದೆ. ಈ ಕೆಲವು ಕ್ಷಣಗಳಿಗಾಗಿಯೇ ನಾನು ಆ ರೆಕಾರ್ಡಿಂಗನ್ನು ಮತ್ತೆ ಮತ್ತೆ ಹಾಕುತ್ತೇನೆ.

ಈ ಎರಡೂ ಸಂಗತಿ ಇಟ್ಟುಕೊಂಡು ನಮ್ಮಲ್ಲಿರುವ ಪದಗಳನ್ನು ಒಂದೊಂದಾಗಿ ನೋಡಿದೆ.

‘ಪಲ್ಲವಿ’ ಮೊದಲು ಹೊಳೆಯಿತು. ಆದರೆ ಪಲ್ಲವಿ ಬರುವ ಜಾಗ ಗೊತ್ತಿರುತ್ತದೆ. ಚರಣ ಮುಗಿದರೆ ಪಲ್ಲವಿ, ಅದಕ್ಕಾಗಿ ಕಾದಿರುತ್ತೇವೆ. ಲೈಟ್‌ಮೋಟಿಫ್ ಕಾಯದಿದ್ದಾಗ ಬರುತ್ತದೆ. ಜನಪದ ಹಾಡಿನ ‘ಸೊಲ್ಲು’ ನನಗೆ ತುಂಬ ಇಷ್ಟದ ಪದ, ಆದರೆ ಅದಕ್ಕೂ ಇದೇ ತೊಡಕು. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವ ಮೊದಲು ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ, ಚೆಂಡೆಯ ಪೆಟ್ಟೇ ಬೇರೆಯಾಗುತ್ತದೆ. ಬರುವವನು ರಕ್ಕಸ ಅಂತ ನೋಡದೇ ಗೊತ್ತಾಗುತ್ತದೆ. ಬಹಳ ಹತ್ತಿರ ಬಂದೆವು ಅಲ್ವಾ? ಆದರೆ ಅದು ಒಂದು ಬಗೆಯ ವೇಷಕ್ಕೆ ಸೇರಿದ್ದು. ಒಬ್ಬನದೇ ಅಲ್ಲ, ಒಂದು ಕಥೆಯದೇ ಅಲ್ಲ.

ಸಿನಿಮಾದವರು ಸುಮ್ನೆ ‘ಥೀಮ್ ಮ್ಯೂಸಿಕ್’ ಅಂತಾರೆ, ಈಗೀಗ ‘ಬಿಜಿಎಂ’, ಅಂದರೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್. ಹೀರೋ ಎಂಟ್ರಿಗೆ ಅದು ಸರಿ. ಆದರೆ 1931ರ ಜರ್ಮನ್ ಚಿತ್ರ ‘ಎಂ’ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಅದಕ್ಕೆ ಏನನ್ನುವುದು? ಮಕ್ಕಳನ್ನು ಕೊಲ್ಲುವವನೊಬ್ಬ ನಾರ್ವೆಯ ಸಂಯೋಜಕ ಗ್ರೀಗ್‌ನ ಒಂದು ಮಟ್ಟನ್ನು ಶಿಳ್ಳೆಯಲ್ಲಿ ಹಾಕುತ್ತಾ ಓಡಾಡುತ್ತಾನೆ. ಪೊಲೀಸರಿಗೆ ಅವನು ಸಿಗುವುದಿಲ್ಲ. ಅವನ ಗುರುತು ಹಿಡಿಯುವುದು ಬಲೂನು ಮಾರುವ ಕುರುಡ. ಮಗುವಿಗೆ ಬಲೂನು ಕೊಡಿಸಿದ ದಿನ ಕೇಳಿದ ಶಿಳ್ಳೆ ಇನ್ನೊಂದು ದಿನ ಮತ್ತೆ ಕಿವಿಗೆ ಬೀಳುತ್ತದೆ, ಅಷ್ಟೇ. ನೋಡುವ ನಮ್ಮ ನೆನಪು ಮಾಡುವ ಕೆಲಸವನ್ನು ಅಲ್ಲಿ ಪಾತ್ರದ ನೆನಪೇ ಮಾಡುತ್ತದೆ. ನಿರ್ದೇಶಕ ಫ್ರಿಟ್ಸ್ ಲಾಂಗ್ ಈ ತಂತ್ರವನ್ನೇ ಕಥೆಯ ಬೀಗದ ಕೈ ಮಾಡಿಕೊಂಡಿದ್ದಾರೆ.

ನಮಗೆಲ್ಲ ಗೊತ್ತಿರುವುದು ‘ಶೋಲೆ’ಯ ಮೌತ್ ಆರ್ಗನ್. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ, 1975ರದು. ರಾತ್ರಿ ಜೈ ಹೊರಗೆ ಕೂತು ನುಡಿಸುತ್ತಾನೆ, ಆ ಕಡೆ ರಾಧಾ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಆರ್. ಡಿ. ಬರ್ಮನ್ ಅವರ ಆ ಪುಟ್ಟ ಮಟ್ಟೇ ಅವರಿಬ್ಬರ ಮಾತು. ಇದನ್ನು ಬಿಜಿಎಂ ಅಂದರೆ ಮನಸ್ಸು ಒಪ್ಪುವುದಿಲ್ಲ. ಅದೇ ವರ್ಷದ ‘ಜಾಸ್’ನಲ್ಲಿ ಶಾರ್ಕ್ ಬರುವುದಕ್ಕೆ ಎರಡೇ ಸ್ವರ. ಹುಡುಗರಿಬ್ಬರು ರಟ್ಟಿನ ರೆಕ್ಕೆ ಕಟ್ಟಿಕೊಂಡು ನೀರಿನಲ್ಲಿ ಹೆದರಿಸುವಾಗ ಆ ಸ್ವರ ಬರುವುದಿಲ್ಲ. ಗಮನ ಕೊಟ್ಟು ಕೇಳಿದವರಿಗೆ ಅದು ಸುಳ್ಳು ಶಾರ್ಕ್ ಅಂತ ಆಗಲೇ ಗೊತ್ತು.

ಈಗ ನನ್ನ ಸಲಹೆಗೆ ಬರುತ್ತೇನೆ. ಇದು ಬಂದದ್ದು ನಮ್ಮ ಅಮ್ಮನಿಂದ. ಮೊನ್ನೆ ಅವರು ನೆನೆಸಿದ ಅವರೆಕಾಳು ಹಿತಕುತ್ತಾ ಕೂತಿದ್ದರು. ನಾನೂ ಜೊತೆಗೆ ಕೂತು ತೋಳದ ಚರ್ಮದ ಕಥೆ ಹೇಳಿದೆ. ಮಟ್ಟು ಬಂದ ಕೂಡಲೇ ಅಪ್ಪ ಯಾರು ಅಂತ ನಮಗೆ ಗೊತ್ತಾಗುತ್ತಮ್ಮ ಅಂದೆ. ಅವರು ಕೈ ನಿಲ್ಲಿಸದೆ ಹೇಳಿದರು: ‘ಹಂಗಾದ್ರೆ ಅದು ಕುರುಹು ಕಣೋ. ಹನುಮಂತ ಸೀತಮ್ಮಂಗೆ ಉಂಗುರ ತೋರಿಸಲಿಲ್ವಾ, ಹಂಗೆ.’

ಕುರುಹು! ಮುದ್ರೆಯುಂಗುರ ಕಂಡ ಕೂಡಲೇ ಸೀತೆಗೆ ರಾಮ ಎದುರಿಗೆ ಬಂದ ಹಾಗೆ. ಶಕುಂತಲೆಯ ಉಂಗುರವೂ ಅಷ್ಟೇ, ‘ಅಭಿಜ್ಞಾನ’ ಅಂದರೆ ಅದೇ ತಾನೇ. ‘ಗುರುತು’ ಅನ್ನಬಹುದಿತ್ತು. ಆದರೆ ಗುರುತಿಗೆ ಗುರುತಿನ ಚೀಟಿಯ ವಾಸನೆ ಜಾಸ್ತಿ. ಕುರುಹಿನಲ್ಲಿ ಬಿಟ್ಟುಹೋದವರ ನೆನಪು ಇದೆ.

ಬರೀ ಕುರುಹು ಅಂದರೆ ಚಿಹ್ನೆ, ಸಂಕೇತ ಎಲ್ಲ ಸೇರಿಬಿಡುತ್ತವೆ. ವಚನಗಳಲ್ಲಿ ಇಷ್ಟಲಿಂಗಕ್ಕೂ ಕುರುಹು ಅಂತಾರೆ, ಆ ತೂಕವೂ ಪದದ ಮೇಲಿದೆ. ಅದಕ್ಕೇ ಸಂಗೀತಕ್ಕೂ ಸಿನಿಮಾಕ್ಕೂ ‘ಕುರುಹುದನಿ’ ಅಂದರೆ ಹೇಗೆ? ಕುಗ್ಗಿಸಿ ‘ಕುರುದನಿ’ ಮಾಡುವ ಹಾಗಿಲ್ಲ, ಕುರು ಅಂದರೆ ಹುಣ್ಣು.

ಸಾಹಿತ್ಯಕ್ಕೆ ದನಿ ಒಗ್ಗುವುದಿಲ್ಲ. ಜರ್ಮನ್ ಕಾದಂಬರಿಕಾರ ಥಾಮಸ್ ಮನ್ ಈ ತಂತ್ರವನ್ನು ವಾಗ್ನರ್‌ನಿಂದಲೇ ಕಲಿತವರು. ಅವರ ‘ಬುಡನ್‌ಬ್ರೂಕ್ಸ್’ (1901) ಒಂದು ವ್ಯಾಪಾರಿ ಮನೆತನ ನಾಲ್ಕು ತಲೆಮಾರಿನಲ್ಲಿ ಇಳಿದುಹೋಗುವ ಕಥೆ. ಅದರಲ್ಲಿ ಹುಳುಕು ಹಲ್ಲು ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಮನೆಯ ಯಜಮಾನ ಹಲ್ಲು ಕೀಳಿಸಿಕೊಳ್ಳಲು ಹೋಗಿ ವಾಪಸು ಬರುವ ದಾರಿಯಲ್ಲೇ ಬೀಳುತ್ತಾನೆ. ಅಲ್ಲಿ ಹಲ್ಲನ್ನು ‘ದನಿ’ ಅನ್ನಲಾಗದು. ಅದಕ್ಕೆ ‘ಕುರುಹೆಳೆ’ ಅಂತ ಯೋಚಿಸಿದೆ. ಎಳೆ ಅಂದರೆ ನೂಲಿನ ಎಳೆ, ಕಥೆಯ ಉದ್ದಕ್ಕೂ ಹಾಯುವಂಥದ್ದು. ಎಳೆ ಅಂದರೆ ಜಗ್ಗು ಅಂತಲೂ ಆಗುತ್ತದೆ, ಜರ್ಮನ್ನಿನ ‘ಲೈಟ್’ ಹೇಳುವ ಕರೆದೊಯ್ಯುವ ಕೆಲಸವೂ ಅದರಲ್ಲಿ ಬಂದ ಹಾಗಾಯಿತು. ಮೂರಕ್ಕೂ ಇದೊಂದೇ ಸಾಕೇನೋ. ಆದರೆ ಬಾಯಲ್ಲಿ ಹೇಳಿ ನೋಡಿದರೆ ‘ಕುರುಹುದನಿ’ ಸಲೀಸಾಗಿ ಬರುತ್ತದೆ, ‘ಕುರುಹೆಳೆ’ ಸ್ವಲ್ಪ ತಡವರಿಸುತ್ತದೆ.

ಹರಿಕಥೆ, ಗಮಕ, ಯಕ್ಷಗಾನದ ಹಿಮ್ಮೇಳ ಬಲ್ಲವರು ನಿಮ್ಮಲ್ಲಿದ್ದೀರಿ. ಒಂದೇ ಪಾತ್ರಕ್ಕೆ ಅಂತ ಇಟ್ಟುಕೊಂಡ ಮಟ್ಟನ್ನು, ಆ ಪಾತ್ರ ಎದುರಿಗೆ ಇಲ್ಲದಾಗಲೂ ನೆನಪಿಗೆ ತರಲು ಹಾಡುವ ವಾಡಿಕೆ ಇದೆಯೇ? ಇದ್ದರೆ ಅದಕ್ಕೆ ನೀವು ನೀವು ಮಾತಾಡಿಕೊಳ್ಳುವಾಗ ಏನಂತೀರಿ? ಆ ಪದ ಸಿಕ್ಕರೆ ನನ್ನ ಎರಡೂ ಪದಗಳನ್ನು ಸಂತೋಷವಾಗಿ ಬಿಟ್ಟುಕೊಡುತ್ತೇನೆ.