ಸಹಾಯ ಬೇಕು: ನಾಯಿಯ ಮಿಕ್ಕ ರಕ್ತ ಸಂಶೋಧನೆಗೆ, ಒಪ್ಪಿಗೆ ಫಾರಂ ಓದಿ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ವೆಟರ್ನರಿ ಪಿಜಿ ವಿದ್ಯಾರ್ಥಿನಿ. ನಾಯಿಗಳ ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಮೇಲೆ ಕೆಲಸ ಮಾಡುತ್ತಿದ್ದೇನೆ. ಜ್ವರ ಬಂದ ನಾಯಿಯಿಂದ ನೇರಳೆ ಮುಚ್ಚಳದ ಟ್ಯೂಬಿಗೆ ಒಂದೆರಡು ಎಂಎಲ್ ರಕ್ತ ತೆಗೆಯುತ್ತಾರೆ. ರಕ್ತಕಣಗಳ ಕೌಂಟ್ ನೋಡೋಕೆ, ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡೋಕೆ ಸ್ವಲ್ಪವೇ ಸಾಕು. ಮಿಕ್ಕಿದ್ದು ಫ್ರಿಜ್‌ನಲ್ಲಿದ್ದು ಆಮೇಲೆ ಕಸಕ್ಕೆ. ಅದರಲ್ಲೇ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿದರೆ ಸ್ಲೈಡಿನಲ್ಲಿ ಕಣ್ಣಿಗೆ ಬೀಳದ ಎರ್ಲಿಕಿಯಾ, ಬೆಬೇಸಿಯಾದಂಥ ಟಿಕ್ ಫೀವರ್ ರೋಗಾಣುಗಳು ಕೂಡ ಸಿಗಬಹುದು. ನಾಯಿಗೆ ಇನ್ನೊಂದು ಸಲ ಸೂಜಿ ಚುಚ್ಚೋದೇ ಬೇಡ.

ಆದರೂ ಸಾಕಿದವರನ್ನು ಕೇಳದೆ ತಗೊಳ್ಳೋದು ಸರಿಯಲ್ಲ ಅಲ್ವಾ? ಬಿಲ್ ಜೊತೆ ಇಂಗ್ಲಿಷ್ ಹಾಳೆ ಚಾಚಿ “ಇಲ್ಲೊಂದು ಸೈನ್ ಹಾಕಿ ಸಾರ್” ಅಂದರೆ ಅದು ಒಪ್ಪಿಗೆ ಆಗುತ್ತಾ? ನಾಯಿ ಮಡಿಲಲ್ಲಿ ನರಳುತ್ತಿರುವಾಗ ಯಾರು ಓದ್ತಾರೆ! ಅದಕ್ಕೇ ಒಂದು ಪುಟದ ಕನ್ನಡ ಫಾರಂ ಬರೆದಿದ್ದೇನೆ. ಬೇಡ ಅಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗಲ್ಲ ಅನ್ನೋದು ಅದರ ಮೊದಲ ಸಾಲು.

ಸಿಕ್ಕಿಹಾಕಿಕೊಂಡಿರೋದು ಒಂದು ಕಡೆ. ಸ್ಯಾಂಪಲ್‌ನಿಂದ ನಿಮ್ಮ ಹೆಸರು, ನಂಬರ್ ಪೂರ್ತಿ ತೆಗೆದರೆ ಮಾಹಿತಿ ಸೋರಲ್ಲ, ಆದರೆ ಏನಾದರೂ ಸಿಕ್ಕಿದರೆ ನಿಮಗೆ ತಿಳಿಸೋಕೂ ಆಗಲ್ಲ. ನಿಮಗೆ ಯಾವುದು ಜಾಸ್ತಿ ಮುಖ್ಯ? ಮುಂದೆ ಬೇರೆ ಸಂಶೋಧನೆಗೆ ಬಳಸೋದಾದರೆ ಮತ್ತೆ ಕೇಳಬೇಕಾ?

ನಾಯಿ, ಬೆಕ್ಕು ಸಾಕಿರುವವರು, ಅದರಲ್ಲೂ ಮನೆಯ ಹಿರಿಯರು ಓದಿದರೆ ತುಂಬಾ ಉಪಕಾರ. ಮೆಸೇಜ್ ಮಾಡಿ, ಫಾರಂ ಕಳಿಸುತ್ತೇನೆ. ಅರ್ಥವಾಗದ ಸಾಲಿಗೆ ಸುಮ್ನೆ ಒಂದು ಗೆರೆ ಎಳೆದು ಕೊಟ್ಟರೂ ಸಾಕು.