ಅಪ್‌ಡೇಟ್: ವ್ಯಾನಿನ ಇಸಿಯು ಟ್ರಕ್ಕಿಗೆ ಕೂತಿತು, ಎಂಜಿನ್ ಈಗ ತಾನಾಗಿ ಆಫ್ ಆಗುತ್ತಿಲ್ಲ

ನೀರು ಹೊಕ್ಕು ಕೆಟ್ಟ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲು ವ್ಯಾನಿನದ್ದನ್ನು ಡೀಸೆಲ್ ಟ್ರಕ್ಕಿಗೆ ಹಾಕಿದಾಗ ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ಆಫ್ ಆಗುತ್ತಿತ್ತು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಬ್ಯಾಟರಿ ಅರ್ಧ ಗಂಟೆ ಕಳಚಿಡುವುದರಿಂದ ಏನೂ ಆಗಲಿಲ್ಲ. ಕೀಯನ್ನು ಇಸಿಯುಗೆ ಹೊಸದಾಗಿ ಪರಿಚಯಿಸುವ ಮರುಕಲಿಕೆಯೂ ಫೇಲ್. ಗುರುತು ಹೊಂದದಿದ್ದರೆ ಎಂಜಿನ್ ಆಫ್ ಮಾಡುವ ಕಳ್ಳತನ ತಡೆ ವ್ಯವಸ್ಥೆ, ಅಂದರೆ ಇಮ್ಮೊಬಿಲೈಸರ್, ಒಪ್ಪಲೇ ಇಲ್ಲ. ಕೆಲಸ ಮಾಡಿದ್ದು ಕ್ಲೋನಿಂಗ್ ಸಲಹೆ, ಅಂದರೆ ಹಳೆಯ ಇಸಿಯುವಿನ ಡೇಟಾವನ್ನೆಲ್ಲ ಇನ್ನೊಂದಕ್ಕೆ ನಕಲು ಮಾಡುವುದು. ಹಳೆಯ ಇಸಿಯುವಿನ ಪ್ರೊಸೆಸರ್ ಇನ್ನೂ ಜೀವಂತವಿತ್ತು, ಹಾಗಾಗಿ ಅದರ ಫ್ಲ್ಯಾಶ್ ಮತ್ತು ಇಇಪ್ರಾಮ್ ಮೆಮೊರಿ ಎರಡನ್ನೂ ಓದಿ ವ್ಯಾನಿನದ್ದಕ್ಕೆ ಬರೆಸಿದೆ. ಎರಡೂ ಇಸಿಯುಗಳ ಹಾರ್ಡ್‌ವೇರ್ ನಂಬರ್ ಒಂದೇ ಇರಬೇಕು. ಸಾಫ್ಟ್‌ವೇರ್ ನಂಬರ್ ಬೇರೆಯಿದ್ದರೂ ನಡೆಯಿತು, ಹೇಗೂ ಅಳಿಸಿ ಬರೆಯುವುದೇ. ಬರೆಯುವಾಗ ವೋಲ್ಟೇಜ್ ಕುಸಿದರೆ ಇಸಿಯು ಸತ್ತಂತೆ, ಸ್ಥಿರವಾದ ಪವರ್ ಸಪ್ಲೈ ಬೇಕೇ ಬೇಕು. ಇಂಜೆಕ್ಟರ್ ಕೋಡ್‌ಗಳೂ (ಪ್ರತಿ ಇಂಧನ ಇಂಜೆಕ್ಟರ್‌ನ ಹೊಂದಾಣಿಕೆ ಸಂಖ್ಯೆಗಳು) ಜೊತೆಗೇ ಬಂದವು, ಮತ್ತೆ ಹಾಕುವ ತಾಪತ್ರಯ ತಪ್ಪಿತು.

ಅಚ್ಚರಿ ಆಮೇಲೆ. ಎಂಜಿನ್ ಸರಿ, ಆದರೆ ಮೀಟರ್ ಮುಳ್ಳುಗಳು ಆಗಾಗ ಬಿದ್ದುಹೋಗುತ್ತಿದ್ದವು. ಬ್ಯಾಟರಿ ಕಳಚಿ, ಇಸಿಯು ಮತ್ತು ಮೀಟರ್ ಮಾತಾಡಿಕೊಳ್ಳುವ ಕ್ಯಾನ್ ಜಾಲದ ಹೈ–ಲೋ ತಂತಿಗಳ ನಡುವೆ ಅಳೆದರೆ 60 ಓಮ್ ಬದಲು 120! ಜಾಲದ ಎರಡು ತುದಿಗಳಲ್ಲೂ 120 ಓಮ್ ಟರ್ಮಿನೇಷನ್ ರೆಸಿಸ್ಟರ್ ಇದ್ದರೆ ಒಟ್ಟು 60 ಬರುತ್ತದೆ; ಅದರಲ್ಲೊಂದು ಹಳೆಯ ಇಸಿಯುವಿನೊಳಗೆ ಇತ್ತು, ವ್ಯಾನಿನದ್ದರಲ್ಲಿ ಇಲ್ಲ. ಇಸಿಯು ಪ್ಲಗ್ ಹತ್ತಿರ ಆ ಎರಡು ತಂತಿಗಳ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಸ್ಲೀವ್ ಏರಿಸಿದೆ. ಈಗ ಮುಳ್ಳುಗಳು ಅಲುಗಾಡುತ್ತಿಲ್ಲ.